ಬಿಳಿ ಬಳಿದ ಹಲ್ಲು

ಎಂಜಿನ್ನಿನ ಮುಂದಿನ ಮುಚ್ಚಳ ಬಿಚ್ಚಿ ನೋಡಿದೆ. ಮತ್ತೆ ಅದೇ ಹಾಳು ರೋಗ. ಚೈನು ಹಲ್ಲು ಜಿಗಿದಿತ್ತು. ಕೈಯಲ್ಲಿದ್ದ ಸ್ಪ್ಯಾನರನ್ನು ಶೆಡ್ಡಿನ ತಗಡಿನ ಗೋಡೆಗೆ ಬೀಸಿ ಎಸೆದೆ. ಅಂಗಳದಲ್ಲಿ ಕೆದಕುತ್ತಿದ್ದ ಕೋಳಿಗಳು ದಿಕ್ಕಾಪಾಲಾದವು. ಎಸೆದದ್ದನ್ನು ನಾನೇ ಹೋಗಿ ಎತ್ತಿಕೊಂಡು ಬರಬೇಕಾಯಿತು, ಅದು ಬೇರೆ ಉರಿ.

ನನ್ನ ಗಂಡ ಹರ್‌ದೇವ್ ಕಂಬಕ್ಕೊರಗಿ ಚಹಾ ಕುಡಿಯುತ್ತಿದ್ದ. ಲಾರಿ ಓಡಿಸುವವನು ಅವನು, ರಿಪೇರಿ ಮಾಡುವವಳು ನಾನು. ನಮ್ಮಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಹಾಗಾಗಿ ಅವನ ಶೆಡ್ಡೂ ಅವನ ಕಬ್ಬಿಣದ ಸ್ಪ್ಯಾನರ್ ಪೆಟ್ಟಿಗೆಯೂ ನನಗೆ ಬಂದವು. ಜೊತೆಗೆ ಅವನ ಸಿಟ್ಟೂ ಬಂತು ಅಂತ ಊರಲ್ಲಿ ಹೇಳುತ್ತಾರೆ.

"ಹಳೇ ಎಂಜಿನ್ನಿದ್ದಾಗ ಹಿಂಗೆಲ್ಲ ಆಗ್ತಿರ್ಲಿಲ್ಲ," ಅಂದ ಹರ್‌ದೇವ್, ಲೋಟದೊಳಗೆ ನೋಡುತ್ತ.

"ಹಳೇ ಎಂಜಿನ್ನಿದ್ದಾಗ ನಿನ್ ಕಾಲು ಇಷ್ಟು ಭಾರ ಇರ್ಲಿಲ್ಲ."

"ನನ್ ಕಾಲೇನೇ ಮಾಡ್ತು?"

"ಇಳಿಜಾರಲ್ಲಿ ಅಡ್ಡಾದಿಡ್ಡಿ ರೇಸ್ ಮಾಡ್ತೀಯ. ಇಲ್ದಿದ್ರೆ ಹೊಸಾ ಚೈನು ಯಾಕೆ ಜಿಗೀಬೇಕು?"

"ಕೂರಿಸಿದ ಕೈ ನೆಟ್ಟಗಿದ್ದಿದ್ರೆ ಜಿಗೀತಿರ್ಲಿಲ್ಲ."

ಆ ಮಾತು ನನ್ನ ಎದೆಗೆ ನಾಟಿತು. ಯಾಕೆಂದರೆ ನನಗೂ ಅದೇ ಅನುಮಾನ ಶುರುವಾಗಿತ್ತು. ಮೊದಲಿನ ಎಂಜಿನ್ ಕೈಕೊಟ್ಟ ಮೇಲೆ ಸುವಾ ಬಂದರಿನಿಂದ ಇನ್ನೊಂದು ಹಳೆಯ ಎಂಜಿನ್ನನ್ನು ನಮ್ಮ ದ್ವೀಪಕ್ಕೆ ಹಡಗಿನಲ್ಲಿ ತರಿಸಿ, ಕಬ್ಬಿನ ಹಂಗಾಮು ಶುರುವಾಗುವ ಮುನ್ನ ಕೂರಿಸಿದವಳು ನಾನೇ. ಮೊದಲಿನದರೊಳಗೆ ಚೈನಿರಲಿಲ್ಲ, ಹಲ್ಲಿಗೆ ಹಲ್ಲು ಕಚ್ಚಿಕೊಂಡ ಚಕ್ರಗಳೇ ಇದ್ದವು. ಇದರಲ್ಲಿ ಚೈನು. ಕೆಳಗಿನ ಕ್ರ್ಯಾಂಕು ಪಿಸ್ಟನ್ನುಗಳನ್ನು ಏರಿಸಿ ಇಳಿಸುತ್ತದೆ, ಮೇಲಿನ ಕ್ಯಾಮು ವಾಲ್ವುಗಳನ್ನು ತೆರೆದು ಮುಚ್ಚುತ್ತದೆ, ಇಬ್ಬರನ್ನೂ ಒಂದೇ ತಾಳಕ್ಕೆ ಕಟ್ಟಿ ಹಾಕುವುದು ಈ ಚೈನು. ಒಂದು ಹಲ್ಲು ತಪ್ಪಿದರೆ ಎಂಜಿನ್ ಉಬ್ಬಸ ಬಂದವರ ಹಾಗೆ ಏದುತ್ತದೆ, ಕಪ್ಪು ಹೊಗೆ ಕಾರುತ್ತದೆ. ಇನ್ನೂ ತಪ್ಪಿದರೆ ತೆರೆದುಕೊಂಡಿರುವ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತದೆ, ಎಂಜಿನ್ ಇದ್ದಲ್ಲೇ ಸಾಯುತ್ತದೆ.

ಶೆಡ್ಡಿನಲ್ಲಿ ಸತ್ತರೆ ಸಾಯಲಿ ಬಿಡಿ. ನಮ್ಮ ಹಳ್ಳಿಗೂ ಸಕ್ಕರೆ ಮಿಲ್ಲಿಗೂ ನಡುವೆ ಕೆಂಪು ಇಳಿಜಾರು ಅಂತ ಒಂದಿದೆ. ಒಂದು ಕಡೆ ಮಣ್ಣಿನ ದಿಬ್ಬ, ಇನ್ನೊಂದು ಕಡೆ ಏನೂ ಇಲ್ಲ. ಕಬ್ಬು ತುಂಬಿದ ಲಾರಿ ಅದನ್ನು ಇಳಿಯುವಾಗ ಎಂಜಿನ್ ಸತ್ತರೆ ಬ್ರೇಕಿಗೆ ಬಲ ಇರುವುದಿಲ್ಲ, ಪೆಡಲ್ಲು ಕಲ್ಲಾಗಿಬಿಡುತ್ತದೆ. ಮಿಲ್ಲಿನಿಂದ ಕರೆ ಬಂದ ಹಿಂದಿನ ಸರದಿಯಲ್ಲಿ ಅದೇ ಆಯಿತು. ಮೊದಲ ಲೋಡು ಹಾಕಿ ಬರುವಾಗಲೇ ಹೊಗೆ ಬರುತ್ತಿತ್ತಂತೆ, ಮಹಾರಾಯ ನನಗೆ ಹೇಳದೆ ಎರಡನೆಯ ಲೋಡು ತುಂಬಿಕೊಂಡು ಹೋದ. ಇಳಿಜಾರಿನ ಅರ್ಧದಲ್ಲಿ ಎಂಜಿನ್ ನಿಂತಿತು. ಹೇಗೋ ಮಣ್ಣಿನ ದಿಬ್ಬಕ್ಕೆ ಲಾರಿಯ ಮೂತಿ ನುಗ್ಗಿಸಿ ಬದುಕಿಕೊಂಡ. ಮೈಯೆಲ್ಲ ಕೆಂಪು ಮಣ್ಣು ಮಾಡಿಕೊಂಡು ನಡೆದು ಬಂದವನು ನಗುತ್ತಿದ್ದ. ನನಗೆ ಅವತ್ತಿನಿಂದ ಅನ್ನ ಸರಿಯಾಗಿ ಇಳಿದಿಲ್ಲ.

ಬಾಗಿದ ವಾಲ್ವು ಬದಲಿಸಿದೆ. ಚೈನು ಹೊಸದು, ಅದನ್ನು ಬಿಗಿಯಾಗಿ ಒತ್ತಿ ಹಿಡಿಯುವ ಟೆನ್ಷನರ್ ಹೊಸದು, ಚಕ್ರಗಳ ಬೋಲ್ಟು ಹೊಸದು. ಶೆಡ್ಡಿನಲ್ಲಿ ಗಂಟೆಗಟ್ಟಲೆ ಓಡಿಸಿದೆ, ಏನೂ ಆಗಲಿಲ್ಲ. ಕಬ್ಬಿನ ಗದ್ದೆಗಳ ಸುತ್ತ ನಾನೇ ಓಡಿಸಿಕೊಂಡು ಬಂದೆ, ಆಗಲೂ ಏನೂ ಆಗಲಿಲ್ಲ. ನಿನ್ನೆ ಮೊದಲ ಲೋಡು ಹಾಕಿ ವಾಪಸ್ಸು ಬಂತು ನೋಡಿ, ಒಂದು ಹಲ್ಲು ಮಾಯ. ಈ ಸಲ ಹೊಗೆ ಕಂಡ ಕೂಡಲೇ ಹರ್‌ದೇವ್ ಲಾರಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದ್ದ, ಅಷ್ಟು ಬುದ್ಧಿ ಬಂದಿತ್ತು.

ಬೇಲಿಯಾಚೆ ಇಲಿಯೆಸಾನ ತಲೆ ಕಾಣಿಸಿತು. ಪಕ್ಕದ ಊರಿನವನು, ನಮ್ಮ ಕಬ್ಬು ಕಡಿಯುವ ಗ್ಯಾಂಗಿನ ಮುಖ್ಯಸ್ಥ. ಅವನಿಗೂ ಒಂದು ಲಾರಿಯಿದೆ. ನಮ್ಮ ಲಾರಿಗಿಂತ ಹಳೆಯದು, ನೋಡಿದರೆ ತಳ್ಳುಗಾಡಿ ಅನ್ನಬೇಕು, ಆದರೆ ಒಂದು ದಿನವೂ ಕೆಟ್ಟು ನಿಂತಿಲ್ಲ.

"ಭೌಜಿ, ಇದರ ಮೇಲೆ ಅಕ್ಕಿ ಇಟ್ರೆ ಬೇಯುತ್ತಾ?" ಅಂದ, ತೆರೆದ ಎಂಜಿನ್ ನೋಡಿ. ಅತ್ತಿಗೆ ಅನ್ನುವ ಅರ್ಥದಲ್ಲಿ ಅವನು ನನ್ನನ್ನು ಭೌಜಿ ಅಂತಲೇ ಕರೆಯುವುದು.

"ನಿನ್ ತಲೆ ಇಟ್ರೆ ಬೇಯುತ್ತೆ. ಬಾ, ಇಡ್ತೀನಿ."

ಅವನು ನಕ್ಕು, ಆಮೇಲೆ ನಗು ನಿಲ್ಲಿಸಿದ. "ನಾಳೆ ನಿಮ್ಮ ಉಳಿದ ಲೋಡಿನ ಸರದಿ. ಕಡಿದು ಆಯ್ತು, ಗದ್ದೇಲಿ ಬಿದ್ದಿದೆ. ನಾಳೆ ಬಿಟ್ರೆ ಮಿಲ್ಲು ಮತ್ತೆ ನಮ್ಮ ಗ್ಯಾಂಗಿಗೆ ಯಾವಾಗ ಕರೆಯುತ್ತೋ ಗೊತ್ತಿಲ್ಲ. ಅಷ್ಟರಲ್ಲಿ ಒಣಗಿ ಸೌದೆ ಆಗಿರುತ್ತೆ."

"ಹೋಗ್ತೀನಿ," ಅಂದ ಹರ್‌ದೇವ್.

"ಸಾಯೋಕೆ ಹೋಗ್ತೀಯಾ?" ಅಂದೆ.

"ಇನ್ನೇನ್ ಮಾಡ್ಲಿ? ಗ್ಯಾಂಗಿನವರು ಬಿಸಿಲಲ್ಲಿ ಬೆನ್ನು ಬಗ್ಗಿಸಿ ಕಡಿದು ಹಾಕಿದಾರೆ. ನನ್ ಹೆಂಡ್ತಿಗೆ ಭಯ ಅಂತ ಹೇಳ್ಲಾ?"

ಭಯ ಅನ್ನುವುದನ್ನು ಅವನು ನಗಾಡುತ್ತ ಹೇಳಿದ. ನನಗೆ ನಿಜವಾಗಿಯೂ ಭಯವಿತ್ತು. ಇವನು ಆ ಇಳಿಜಾರಿನಲ್ಲಿ ಹೋಗಿಬಿಡುತ್ತಾನೆ, ಅದೂ ನನ್ನ ಕೈಯಾರೆ ಕೂರಿಸಿದ ಎಂಜಿನ್ನಿನಿಂದ ಹೋಗುತ್ತಾನೆ ಅನ್ನುವ ಭಯ. ಅದನ್ನು ಬಾಯಿಬಿಟ್ಟು ಹೇಳಲು ಬರಲಿಲ್ಲ, ಅದಕ್ಕೆ ಬೈದೆ.

ಚೈನನ್ನು ಮತ್ತೆ ಸರಿಯಾದ ಗುರುತಿಗೆ ಕೂರಿಸಿದೆ. ಕೂರಿಸುತ್ತಾ ಯೋಚಿಸಿದೆ. ಮನೆಯಲ್ಲಿ ಜಿಗಿಯುವುದಿಲ್ಲ, ಮಿಲ್ಲಿಗೆ ಹೋಗಿ ಬರುವಷ್ಟರಲ್ಲಿ ಜಿಗಿಯುತ್ತದೆ. ಅಂದರೆ ನಡುವೆ ಎಲ್ಲೋ ಒಂದು ಕಡೆ ಆಗುತ್ತಿದೆ. ಎಲ್ಲಿ ಅಂತ ತಿಳಿದರೆ ಯಾಕೆ ಅಂತ ತಾನಾಗಿ ತಿಳಿಯುತ್ತದೆ. ಈ ಎಂಜಿನ್ನಿಗೆ ಎಣ್ಣೆ ಸುರಿಯುವ ತೂತು ಕ್ಯಾಮಿನ ಚಕ್ರದ ನೇರ ಮೇಲೆಯೇ ಇದೆ. ಅದರೊಳಗೆ ಕಡ್ಡಿ ಇಳಿಸಿ ಚಕ್ರದ ಒಂದು ಹಲ್ಲಿಗೆ ಬಿಳಿ ಬಣ್ಣ ಬಳಿದೆ. ಕೆಳಗಿನ ಪುಲ್ಲಿಯ ಗುರುತು ಎಂಜಿನ್ನಿನ ಮೈಮೇಲಿನ ಮುಳ್ಳಿಗೆ ಕೂಡಿದಾಗ ಈ ಬಿಳಿ ಹಲ್ಲು ತೂತಿನ ನಟ್ಟನಡುವೆ ಕಾಣಬೇಕು. ಇನ್ನೊಂದು ಸುತ್ತು ತಿರುಗಿಸಿದರೂ ಕಾಣದಿದ್ದರೆ ಜಿಗಿದಿದೆ. ದಾರಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಮುಚ್ಚಳ ತೆಗೆದು ನೋಡಬಹುದು.

"ನಾಳೆ ನಾನೂ ಬರ್ತೀನಿ," ಅಂದೆ.

ಹರ್‌ದೇವ್ ಲೋಟ ಕೆಳಗಿಟ್ಟ. "ಲೈನಿಗಾ? ಮಿಲ್ಲಿನ ಮುಂದೆ ಸರದಿ ಕಾಯೋ ಲಾರಿ ಸಾಲಲ್ಲಿ ಹೆಂಗಸರು ಕೂರಲ್ಲ ಕಣೇ. ಎಲ್ಲ ಬನಿಯನ್ನಲ್ಲಿ ಬಿದ್ಕೊಂಡಿರ್ತಾರೆ, ಮತ್ತು ಬರೋ ಯಂಗೋನಾ ಬೇರಿನ ನೀರು ಕುಡೀತಿರ್ತಾರೆ, ಬಾಯಿಗೆ ಬಂದದ್ದು ಮಾತಾಡ್ತಿರ್ತಾರೆ."

"ನಿನ್ ಬಾಯಿ ಕೇಳಿ ಕೇಳಿ ನನ್ ಕಿವಿ ಪಳಗಿದೆ. ಬರ್ತೀನಿ ಅಂದ್ರೆ ಬರ್ತೀನಿ."

ಮಾರನೆಯ ಬೆಳಿಗ್ಗೆ ಲೋಡು ತುಂಬಿ, ಅಪ್ಪನ ಸ್ಪ್ಯಾನರ್ ಪೆಟ್ಟಿಗೆಯನ್ನು ಕಾಲಡಿ ಇಟ್ಟುಕೊಂಡು ಕೂತೆ. ಇಲಿಯೆಸಾನ ಲಾರಿ ನಮ್ಮ ಮುಂದೆ ಹೊರಟಿತು. ಕೆಂಪು ಇಳಿಜಾರಿನ ತಲೆಗೆ ಬಂದಾಗ ಹರ್‌ದೇವ್ ಕೆಳಗಿನ ಗೇರಿಗೆ ಹಾಕಿದ. ಎಂಜಿನ್ ಊಳಿಡುತ್ತ ಲಾರಿಯನ್ನು ಹಿಡಿದುಕೊಂಡಿತು. ನನ್ನ ಕಣ್ಣು ರಸ್ತೆಯ ಮೇಲಿರಲಿಲ್ಲ, ಕಿವಿ ಮಾತ್ರ ಎಂಜಿನ್ನಿನಲ್ಲಿತ್ತು. ಆ ಊಳು ಒಂದು ಕ್ಷಣ ತಡವರಿಸಿದರೂ ನಾವಿಬ್ಬರೂ ಹೋದ ಹಾಗೆ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮೀನಖಂಡ ಹಿಡಿದುಕೊಂಡಿತು. ಮಣ್ಣಿನ ದಿಬ್ಬದಲ್ಲಿ ನಮ್ಮ ಲಾರಿಯ ಮೂತಿ ನುಗ್ಗಿದ ಗುಂಡಿ ಹಾಗೇ ಇತ್ತು. ಅದನ್ನು ದಾಟುವಾಗ ಹರ್‌ದೇವ್ ನನ್ನ ಕಡೆ ನೋಡಲಿಲ್ಲ. ಅವನ ಕಾಲು ನೋಡಿದೆ. ರೇಸೂ ಇಲ್ಲ, ಏನೂ ಇಲ್ಲ, ಮೊಟ್ಟೆಯ ಮೇಲೆ ಇಟ್ಟ ಹಾಗೆ ಇಟ್ಟಿದ್ದ.

ಕೆಳಗೆ ಇಗರ್ಜಿಯ ಮುಂದಿನ ಸಮತಟ್ಟಿನಲ್ಲಿ ನಿಲ್ಲಿಸಿದೆವು. ಚಕ್ರಕ್ಕೆ ಕಲ್ಲು ಕೊಟ್ಟು, ಗೇರು ತಪ್ಪಿಸಿ, ಉದ್ದನೆಯ ಸ್ಪ್ಯಾನರಿನಿಂದ ಪುಲ್ಲಿ ತಿರುಗಿಸಿ ಗುರುತು ಕೂಡಿಸಿ ತೂತಿನೊಳಗೆ ಟಾರ್ಚು ಬಿಟ್ಟೆ. ಬಿಳಿ ಹಲ್ಲು ನಟ್ಟನಡುವೆ ಕೂತಿತ್ತು.

"ಏನಂತೆ? ನನ್ ಕಾಲು ಏನ್ ಹೇಳ್ತು?" ಅಂದ.

"ಇನ್ನೂ ಮಿಲ್ಲು ಬಂದಿಲ್ಲ. ನಡಿ," ಅಂದೆ. ಅವನ ಕಾಲು ಅಲ್ಲ ಅನ್ನುವುದು ನನಗೆ ಗೊತ್ತಾಗಿ ಹೋಗಿತ್ತು, ಆದರೆ ಒಪ್ಪಿಕೊಳ್ಳಲಿಲ್ಲ.

ಮಿಲ್ಲಿನ ಲೈನಿನ ಬಾಲ ಗುಡ್ಡದ ಮೇಲಿನ ಚಪ್ಪಟೆ ಜಾಗದಲ್ಲಿತ್ತು. ಅಲ್ಲಿಂದ ಗೇಟಿನವರೆಗೂ ರಸ್ತೆ ಇಳಿಯುತ್ತದೆ, ಅದರುದ್ದಕ್ಕೂ ಕಬ್ಬು ಹೊತ್ತ ಲಾರಿಗಳು ಒಂದರ ಹಿಂದೆ ಒಂದು. ಲೈನಿಗೆ ಸೇರುವ ಮುಂಚೆ ಮತ್ತೊಮ್ಮೆ ನೋಡಿದೆ. ಬಿಳಿ ಹಲ್ಲು ಅಲ್ಲಾಡಿರಲಿಲ್ಲ. ಅಲ್ಲಿಗೆ ನನಗೆ ಇನ್ನೂ ಹೆದರಿಕೆಯಾಯಿತು. ದಾರಿ ಮುಗಿಯಿತು, ಇಳಿಜಾರು ಮುಗಿಯಿತು, ಉಳಿದದ್ದು ಲೈನು. ಲೈನಿನಲ್ಲಿ ಲಾರಿ ಓಡುವುದೇ ಇಲ್ಲ, ನಿಂತಿರುತ್ತದೆ. ನಿಂತ ಲಾರಿಯಲ್ಲಿ ಚೈನು ಜಿಗಿಯುತ್ತದೆ ಅಂದರೆ ನನಗೆ ಹುಚ್ಚು ಹಿಡಿದಿದೆ ಅಂತ ಅರ್ಥ.

ನಮ್ಮ ಹಿಂದೆ ಬಂದು ನಿಂತದ್ದು ಯಾಕೂಬ್ ಚಾಚಾನ ಲಾರಿ. ಈ ಲೈನಿನಲ್ಲಿ ಎಲ್ಲರಿಗಿಂತ ಹಳೆಯ ಡ್ರೈವರು. ಲೈನಿನ ನ್ಯಾಯ, ಜಗಳ, ಸರದಿ ಎಲ್ಲ ಅವನ ಬಾಯಿಯ ಮಾತಿನ ಮೇಲೆ ನಡೆಯುತ್ತದೆ.

"ಏನ್ ಬೇಟಿ, ಗಂಡನ್ನ ಕಾಯೋಕೆ ಬಂದ್ಯಾ?" ಅಂದ, ಎಲ್ಲರಿಗೂ ಕೇಳುವ ಹಾಗೆ.

"ಇಲ್ಲ ಚಾಚಾ, ಲಾರಿ ಕಾಯೋಕೆ. ಗಂಡ ಹೋದ್ರೆ ಇನ್ನೊಬ್ಬ ಸಿಗ್ತಾನೆ."

ಲೈನೆಲ್ಲ ಗೊಳ್ಳೆಂದಿತು. ಹರ್‌ದೇವನೂ ನಕ್ಕ. ನಾನು ದಿಬ್ಬದ ಮೇಲಿನ ಮಾವಿನ ಮರದಡಿ ಚಾಪೆ ಹಾಕಿಕೊಂಡು ಕೂತೆ, ಲಾರಿಗಳ ಹತ್ತಿರ ಗಂಡಸರು ನನ್ನಿಂದಾಗಿ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಳ್ಳತೊಡಗಿದ್ದರು.

ಬಿಸಿಲೇರಿತು. ರೊಟ್ಟಿಗೆ ಡಬ್ಬಿ ಮೀನಿನ ಪಲ್ಯ ಸುತ್ತಿಕೊಂಡು ತಿಂದೆವು. ಒಬ್ಬೊಬ್ಬರೇ ಲಾರಿಗಳ ಕೆಳಗಿನ ನೆರಳಿಗೆ ಚಾಪೆ ಒಯ್ದು ಮಲಗಿದರು. ಆಗಾಗ ಗೇಟಿನಲ್ಲಿ ಒಂದು ಲಾರಿ ಒಳಗೆ ಹೋಗುತ್ತಿತ್ತು, ಯಾರೋ ಕೂಗುತ್ತಿದ್ದರು, ಮಲಗಿದವರು ಎದ್ದು ಲಾರಿ ಹತ್ತುತ್ತಿದ್ದರು. ಆಗ ನೋಡಿದೆ. ಅಷ್ಟೂ ಲಾರಿಗಳು ಸದ್ದಿಲ್ಲದೆ ಒಂದೊಂದು ಲಾರಿಯುದ್ದ ಕೆಳಗೆ ಜಾರಿ, ಗಕ್ಕನೆ ನಿಲ್ಲುತ್ತಿದ್ದವು. ಒಂದೇ ಒಂದು ಎಂಜಿನ್ ಶುರುವಾಗುತ್ತಿರಲಿಲ್ಲ. ಲೈನು ಕೆಲವು ಸಲ ಹೀಗೆ ಸರಿದಿತ್ತು. ಕೊನೆಯ ಸಲ ನಮ್ಮ ಲಾರಿ ಗಕ್ಕನೆ ನಿಂತಾಗ, ಬಾನೆಟ್ಟಿನೊಳಗೆ ಏನೋ 'ಕಟಕ್' ಅಂದಂತಾಯಿತು. ಕಬ್ಬು ಜರುಗಿದ ಸದ್ದಿರಬಹುದು ಅಂದುಕೊಂಡೆ. ಆದರೂ ಕೂರಲಾಗಲಿಲ್ಲ.

ಇಲಿಯೆಸಾ ಮರದ ಹತ್ತಿರ ಬೇಸಿನ್ನಿನಲ್ಲಿ ಯಂಗೋನಾ ಕಲಸುತ್ತಿದ್ದ. ತೆಂಗಿನ ಚಿಪ್ಪಿನಲ್ಲಿ ಕೆಸರು ಬಣ್ಣದ ಆ ನೀರು ತುಂಬಿ ನನ್ನತ್ತ ಚಾಚಿದ.

"ಬೇಡ. ಇಲಿಯೆಸಾ, ಸ್ಟಾರ್ಟ್ ಮಾಡದೆ ಲಾರಿ ಹೆಂಗೋ ನಿಲ್ಲುತ್ತೆ? ಎಂಜಿನ್ ಇಲ್ದೆ ಬ್ರೇಕ್ ಹಿಡಿಯಲ್ಲ. ನಮ್ಮ ಹ್ಯಾಂಡ್ ಬ್ರೇಕಂತೂ ಹೆಸರಿಗೆ."

"ಎಲ್ಲರದೂ ಹೆಸರಿಗೇ ಭೌಜಿ." ಅವನು ಚಿಪ್ಪನ್ನು ತಾನೇ ಖಾಲಿ ಮಾಡಿ ಬಾಯಿ ಒರೆಸಿಕೊಂಡ. "ರಿವರ್ಸ್ ಗೇರಲ್ಲಿ ಇಟ್ಟಿರ್ತೀವಿ. ಕ್ಲಚ್ ಒತ್ತಿದ್ರೆ ಲಾರಿ ಕೆಳಗೆ ಜಾರುತ್ತೆ, ಬಿಟ್ರೆ ಎಂಜಿನ್ ಹಿಡ್ಕೊಂಡು ನಿಲ್ಲಿಸುತ್ತೆ. ನಮ್ಮಪ್ಪನ ಕಾಲದಿಂದ ಹಂಗೇ. ಒಂದ್ ಲಾರಿ ಜಾಗಕ್ಕೆ ಯಾರು ಡೀಸೆಲ್ ಸುಡ್ತಾರೆ? ಇಲ್ಲಿ ಯಾವನಾದ್ರೂ ಸ್ಟಾರ್ಟ್ ಮಾಡಿದ್ರೆ ಹಂಗಾಮು ಮುಗಿಯೋವರೆಗೂ ಅವನನ್ನ ಆಡ್ಕೊಂಡು ನಗ್ತಾರೆ."

"ಚಕ್ರಕ್ಕೆ ಕಲ್ಲಾದ್ರೂ ಕೊಡ್ತೀರಾ?"

"ಪ್ರತಿ ಸಲ ಯಾರು ಇಟ್ಟು ತೆಗೀತಾರೆ ಭೌಜಿ."

ಏನೋ ತಲೆಯೊಳಗೆ ಚುಚ್ಚಿತು, ಏನಂತ ಕೈಗೆ ಸಿಗಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಲಾರಿಯ ಹತ್ತಿರ ಇಳಿದೆ. ಹರ್‌ದೇವ್ ಕಾಣಲಿಲ್ಲ. ಬಗ್ಗಿ ನೋಡಿದರೆ ಮುಂದಿನ ಇಲಿಯೆಸಾನ ಲಾರಿಯ ಹಿಂಚಕ್ರಗಳ ನಡುವೆ ಓರೆಯಾಗಿ ಚಾಪೆ ಹಾಕಿ, ಒಂದು ಚಕ್ರದ ಮುಂದಕ್ಕೆ ತಲೆ ಎದೆ ಬರುವ ಹಾಗೆ ಮಲಗಿ ಗೊರಕೆ ಹೊಡೆಯುತ್ತಿದ್ದ. ನಮ್ಮ ಲಾರಿಯ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತದೆ ಅಂತ ಅವನು ಯಾವಾಗಲೂ ಅಲ್ಲೇ ಮಲಗುವುದಂತೆ. ಅವನ ಕಾಲುಗಳು ನಮ್ಮ ಬಂಪರಿನ ಕಡೆಗೆ ಚಾಚಿಕೊಂಡಿದ್ದವು. ಮಲಗಲಿ ಪಾಪ ಅಂದುಕೊಂಡು ಎಬ್ಬಿಸಲಿಲ್ಲ.

ಪೆಟ್ಟಿಗೆಯನ್ನು ಮುಂಚಕ್ರದ ಪಕ್ಕ ನೆಲಕ್ಕಿಟ್ಟು, ಬಾನೆಟ್ ಎತ್ತಿ, ಮಡ್‌ಗಾರ್ಡ್ ಮೇಲೆ ಹೊಟ್ಟೆಯೂರಿ ಬಗ್ಗಿದೆ. ಲಾರಿ ಗೇರಿನಲ್ಲಿತ್ತು, ಪುಲ್ಲಿ ತಿರುಗಿಸಿ ಗುರುತು ಕೂಡಿಸುವ ಹಾಗಿರಲಿಲ್ಲ. ಸುಮ್ಮನೆ ನೋಡೋಣ ಅಂತ ಎಣ್ಣೆಯ ಮುಚ್ಚಳ ತೆಗೆದು ಟಾರ್ಚು ಬಿಟ್ಟೆ. ಬಿಳಿ ಹಲ್ಲು ತೂತಿನ ಒಂದು ಅಂಚಿನಲ್ಲಿ ಅರ್ಧ ಕಾಣುತ್ತಿತ್ತು.

ನೋಡುತ್ತಿದ್ದ ಹಾಗೆಯೇ ಆ ಹಲ್ಲು ಚಲಿಸಿತು.

ನನ್ನ ಕಣ್ಣು ಮಂಜಾಗಿದೆ ಅಂದುಕೊಂಡು ಮುಖ ಇನ್ನೂ ಹತ್ತಿರ ಒಯ್ದೆ. ಕೀ ಹಾಕಿಲ್ಲ, ಕ್ಯಾಬಿನ್ನಿನಲ್ಲಿ ಯಾರೂ ಇಲ್ಲ, ಎಂಜಿನ್ ತಣ್ಣಗಿದೆ. ಆದರೂ ಬಿಳಿ ಹಲ್ಲು ತೂತಿನ ಅಂಚಿನಿಂದ ನಡುವಿಗೆ, ನಡುವಿನಿಂದ ಆಚೆಯ ಅಂಚಿಗೆ, ಮೆಲ್ಲಗೆ ಜರುಗಿತು. ಎಂಜಿನ್ ಯಾವ ಕಡೆಗೆ ತಿರುಗಬೇಕೋ ಅದರ ವಿರುದ್ಧ ದಿಕ್ಕಿಗೆ. ಕೆಳಗೆ ಚೈನು ಸಡಿಲಗೊಂಡು ಜೋತುಬಿದ್ದ ಸದ್ದು. ಆಮೇಲೆ 'ಕಟಕ್'.

ಆ ಸದ್ದಿನಲ್ಲಿ ನನಗೆ ಎಲ್ಲ ಒಟ್ಟಿಗೆ ತಿಳಿಯಿತು. ರಿವರ್ಸ್ ಗೇರಿನಲ್ಲಿಟ್ಟು ಲಾರಿಯನ್ನು ಮುಂದಕ್ಕೆ ಜಾರಲು ಬಿಟ್ಟರೆ ಲೋಡಿನ ಭಾರ ಎಂಜಿನ್ನನ್ನು ಹಿಂದಕ್ಕೆ ತಿರುಗಿಸುತ್ತದೆ. ಎಂಜಿನ್ ಓಡುತ್ತಿಲ್ಲ, ಎಣ್ಣೆಯ ಒತ್ತಡವಿಲ್ಲ, ಟೆನ್ಷನರ್ ಚೈನನ್ನು ಒತ್ತಿ ಹಿಡಿಯುವುದಿಲ್ಲ. ಪ್ರತಿ ಸಲ ಕ್ಲಚ್ ಬಿಟ್ಟಾಗಲೂ ಒಂದು ಎಳೆತ, ಒಂದು ಹಲ್ಲು. ಹಲ್ಲು ತಪ್ಪಿದಷ್ಟೂ ಎಂಜಿನ್ನಿನ ಬಿಗಿ ಕಡಿಮೆ. ಬಿಗಿ ಇಲ್ಲದ ಎಂಜಿನ್ ಲಾರಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಈಗ ಯಾರೂ ಮುಟ್ಟದೆಯೇ ತಿರುಗುತ್ತಿದೆ ಅಂದರೆ ಲಾರಿ ಹೊರಟಿದೆ.

ತಲೆಯೆತ್ತಿದೆ. ಇಲಿಯೆಸಾನ ಲಾರಿಯಿಂದ ಹೊರಚಾಚಿದ ಕಬ್ಬಿನ ತುದಿಗಳು ನನ್ನ ಮುಖದ ಹತ್ತಿರ ಬರುತ್ತಿದ್ದವು.

"ಹರ್‌ದೇವ್," ಅಂತ ಕಿರುಚಿದೆ. ಗಂಡನ ಹೆಸರನ್ನು ಹಾಗೆ ರಸ್ತೆಯಲ್ಲಿ ಯಾವತ್ತೂ ಕೂಗಿದವಳಲ್ಲ. ಚಾಪೆಯ ಮೇಲಿನ ಕಾಲು ಒಂದಿಷ್ಟು ಮಡಚಿಕೊಂಡಿತು, ಅಷ್ಟೇ. ಕೆಳಗೆ ಹಾರಿದೆ. ಕ್ಯಾಬಿನ್ ಹತ್ತಿ ಬ್ರೇಕ್ ಒತ್ತಿದರೆ ಅದು ಕಲ್ಲು. ಸ್ಟಾರ್ಟ್ ಮಾಡಲು ಕೀ ಅವನ ಜೇಬಿನಲ್ಲಿದೆ. ಕಲ್ಲು ಹುಡುಕಿದೆ, ಟಾರು ರಸ್ತೆಯಲ್ಲಿ ಒಂದೂ ಇಲ್ಲ. ನಮ್ಮ ಬಂಪರು ಇಲಿಯೆಸಾನ ಲಾರಿಯನ್ನು ಮುಟ್ಟಿದರೆ, ಅದೂ ಇದರಂತೆಯೇ ಬರೀ ಗೇರಿನ ಮೇಲೆ ನಿಂತ ಲಾರಿ, ಅದರ ಹಿಂಚಕ್ರ ಹರ್‌ದೇವನ ಎದೆಯ ಮೇಲೆ ಹತ್ತುತ್ತದೆ.

ಕಾಲಿಗೆ ಪೆಟ್ಟಿಗೆ ತಗುಲಿತು. ಎರಡೂ ಕೈಯಲ್ಲಿ ಎತ್ತಿ ಮುಂಚಕ್ರದ ಮುಂದೆ ತುರುಕಿದೆ, ತುರುಕಿ ಕಾಲಿನಿಂದ ಒದ್ದೆ. ಚಕ್ರ ಅದನ್ನು ಟಾರಿನ ಮೇಲೆ ಗರಗರ ತಳ್ಳಿಕೊಂಡು ಹೋಯಿತು. ನಿಲ್ಲುವುದಿಲ್ಲ ಅಂದುಕೊಂಡೆ. ಆಮೇಲೆ ಮುಚ್ಚಳ ಕುಸಿದು, ತಗಡು ನುಜ್ಜುಗುಜ್ಜಾಗಿ, ಒಳಗಿನ ಸ್ಪ್ಯಾನರುಗಳ ರಾಶಿ ಚಕ್ರದಡಿ ಗಟ್ಟಿಯಾಗಿ ಸಿಕ್ಕಿಕೊಂಡಿತು. ಲಾರಿ ಅದರ ಮೇಲೆ ಅರ್ಧ ಹತ್ತಿ, ಒಮ್ಮೆ ಹಿಂದಕ್ಕೆ ವಾಲಿ, ನಿಂತಿತು.

ಕಬ್ಬಿನ ತುದಿಗಳು ಬಾನೆಟ್ಟಿನೊಳಗೆ, ನಾನು ಬಗ್ಗಿ ನಿಂತಿದ್ದ ಜಾಗದಲ್ಲಿ, ನುಗ್ಗಿದ್ದವು.

ಇಲಿಯೆಸಾ ಓಡಿ ಬಂದು ಹರ್‌ದೇವನ ಕಾಲು ಹಿಡಿದು ಚಾಪೆ ಸಮೇತ ಹೊರಗೆಳೆದ. ಉಳಿದವರು ಎಲ್ಲೆಲ್ಲಿಂದಲೋ ಕಲ್ಲು ತಂದು ಎಲ್ಲ ಚಕ್ರಗಳಿಗೂ ಒಡ್ಡಿದರು. ಹರ್‌ದೇವ್ ರಸ್ತೆಯಲ್ಲಿ ಕೂತು ಕಣ್ಣುಜ್ಜಿಕೊಂಡ. ಕೆನ್ನೆಯ ಮೇಲೆ ಚಾಪೆಯ ಅಚ್ಚು ಬಿದ್ದಿತ್ತು.

"ಏನಾಯ್ತೇ? ಲೈನ್ ಮುಂದೆ ಹೋಯ್ತಾ?" ಅಂದ.

ಅವನ ಹೆಗಲಿಗೆ ಬಲವಾಗಿ ಒಂದು ಏಟು ಕೊಟ್ಟೆ. ಇನ್ನೊಂದು ಕೊಡಲು ಕೈಯೆತ್ತಿದವಳಿಗೆ ಆಗಲಿಲ್ಲ, ಅವನ ಪಕ್ಕದಲ್ಲಿ ರಸ್ತೆಯ ಮೇಲೇ ಕುಸಿದು ಕೂತು ಅಷ್ಟು ಗಂಡಸರ ಎದುರಿಗೆ ಗಟ್ಟಿಯಾಗಿ ಅತ್ತೆ. ನಾಚಿಕೆ ಆಗಲಿಲ್ಲ. ಇವನು ಇನ್ನೂ ಇದ್ದಾನೆ ಅನ್ನುವುದು ಬಿಟ್ಟು ಬೇರೆ ಏನೂ ತಲೆಯಲ್ಲಿರಲಿಲ್ಲ.

ಅಳು ನಿಂತ ಮೇಲೆ ಹೇಳಿದೆ. ಎಂಜಿನ್ ಹಿಂದಕ್ಕೆ ತಿರುಗಿದ್ದು, ಚೈನು ಜೋತುಬಿದ್ದದ್ದು, ಹಲ್ಲು ಜಿಗಿದದ್ದು.

"ನಂಗೆ ಮೀಸೆ ಬರೋಕೆ ಮುಂಚಿಂದ ಹಿಂಗೇ ಮಾಡ್ತಿದೀನಿ ಬೇಟಿ. ನನ್ ಎಂಜಿನ್ನಿಗೆ ಏನೂ ಆಗಿಲ್ವಲ್ಲ?" ಅಂದ ಯಾಕೂಬ್ ಚಾಚಾ. ಅವನ ದನಿಯಲ್ಲಿ ಬೆಳಗಿನ ಕುಚೋದ್ಯ ಇರಲಿಲ್ಲ.

"ನಿಮ್ಮದು ಹಲ್ಲಿಗೆ ಹಲ್ಲು ಕಚ್ಚಿರೋ ಎಂಜಿನ್ ಚಾಚಾ. ಹಿಂದಕ್ಕೆ ತಿರುಗಿಸಿದ್ರೂ ಕಚ್ಕೊಂಡೇ ಇರುತ್ತೆ. ನಮ್ಮದೂ ಮೊದಲು ಅಂಥದ್ದೇ ಇತ್ತು. ಇದು ಚೈನು. ಮುಂದಕ್ಕೆ ಓಡ್ತಿದ್ರೆ ಮಾತ್ರ ಬಿಗಿಯಾಗಿರುತ್ತೆ."

ಇಲಿಯೆಸಾ ಬಗ್ಗಿ ತನ್ನ ಹಿಂಚಕ್ರಕ್ಕೂ ಹರ್‌ದೇವನ ತಲೆ ಇದ್ದ ಜಾಗಕ್ಕೂ ನಡುವೆ ಗೇಣು ಹಾಕಿ ನೋಡಿದ. ನೋಡಿ, ಆ ಕೈಯನ್ನು ತಲೆಯ ಮೇಲಿಟ್ಟುಕೊಂಡ.

ಹರ್‌ದೇವ್ ಎದ್ದು ಹೋಗಿ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಮಾಮನ ಪೆಟ್ಟಿಗೆ," ಅಂದ. ಆಮೇಲೆ ನನ್ನ ಕಡೆ ತಿರುಗದೆ, "ನಿನ್ ಕೈ ನೆಟ್ಟಗಿಲ್ಲ ಅಂದಿದ್ದೆ," ಅಂದ.

"ನಾನು ನಿನ್ ಕಾಲು ಅಂದಿದ್ದೆ. ಕಾಲೂ ಅಲ್ಲ, ಕೈಯೂ ಅಲ್ಲ. ಎದ್ದೇಳು ಈಗ."

ಗೇಟಿನ ಕಡೆಯಿಂದ ಕೂಗು ಬಂತು. ಲೈನು ಸರಿಯಬೇಕು. ಎಲ್ಲರೂ ನಮ್ಮ ಲಾರಿಯನ್ನು ನೋಡಿದರು. ಅದರ ಎಂಜಿನ್ ಕೆಟ್ಟಿದೆ, ಮತ್ತೆ ಬಿಚ್ಚದೆ ಸ್ಟಾರ್ಟ್ ಮಾಡುವ ಹಾಗಿಲ್ಲ. ಮಾಡದಿದ್ದರೆ ಬ್ರೇಕಿಲ್ಲ. ಲೈನಿನಲ್ಲಿ ದಾರಿ ತಡೆದು ನಿಂತವನ ಸರದಿ ಹೋಯಿತು ಅಂತಲೇ ಲೆಕ್ಕ, ಅದು ಲೈನಿನ ಕಟ್ಟಳೆ. ಹರ್‌ದೇವ್ ಯಾಕೂಬ್ ಚಾಚಾನ ಮುಖ ನೋಡಿದ. ನಾನೂ ನೋಡಿದೆ.

ಚಾಚಾ ತನ್ನ ಲಾರಿಯ ಸೀಟಿನ ಹಿಂದಿನಿಂದ ದಪ್ಪನೆಯ ಕಬ್ಬಿಣದ ಸರಪಳಿ ಎಳೆದು ತಂದ. ಅದರ ಒಂದು ತುದಿಯನ್ನು ನಮ್ಮ ಲಾರಿಯ ಹಿಂಬದಿಗೆ, ಇನ್ನೊಂದನ್ನು ತನ್ನ ಲಾರಿಯ ಮುಂಬದಿಗೆ ಸಿಕ್ಕಿಸಿದ. ಆಮೇಲೆ ಕ್ಯಾಬಿನ್ ಹತ್ತಿ ಕೀ ತಿರುಗಿಸಿದ. ಲೈನಿನಲ್ಲಿ ಯಾಕೂಬ್ ಚಾಚಾನ ಎಂಜಿನ್ ಸದ್ದನ್ನು ಯಾರೂ ಕೇಳಿರಲಿಲ್ಲ. ಒಬ್ಬರೂ ನಗಲಿಲ್ಲ.

"ನಾನ್ ಹಿಂದಿಂದ ಹಿಡ್ಕೊಂಡಿರ್ತೀನಿ, ಬ್ರೇಕಲ್ಲಿ," ಅಂತ ಕಿಟಕಿಯಿಂದ ತಲೆ ಹಾಕಿ ಹೇಳಿದ. "ಬೇಟಿ, ನೀನ್ ಸ್ಟೇರಿಂಗ್ ಹಿಡಿ. ಅವನು ಆ ಚಕ್ರ ಬಿಟ್ಟು ಬರೋ ಹಾಗೆ ಕಾಣಲ್ಲ."

ನೋಡಿದೆ. ಚಕ್ರದಡಿಯಿಂದ ನುಜ್ಜಾದ ಪೆಟ್ಟಿಗೆಯನ್ನು ಎಳೆದು ತೆಗೆದು ಅಲ್ಲಿ ಕಲ್ಲು ಒಡ್ಡುತ್ತಿದ್ದ. ಕೆಂಪು ಇಳಿಜಾರಿನಿಂದ ನಗುತ್ತ ನಡೆದು ಬಂದವನು ಈಗ ನಗುತ್ತಿರಲಿಲ್ಲ.

ಮುಂದೆ ಇಲಿಯೆಸಾ ಸ್ಟಾರ್ಟ್ ಮಾಡಿದ. "ಸುಡಲಿ ಬಿಡಿ ಡೀಸೆಲ್ಲು," ಅಂತ ಯಾರಿಗೋ ಕೂಗಿ ಹೇಳಿದ. ಅವನ ಮುಂದಿನವನು ಮಾಡಿದ, ಚಾಚಾನ ಹಿಂದಿನವನು ಮಾಡಿದ. ಗುಡ್ಡದ ತಲೆಯಿಂದ ಗೇಟಿನವರೆಗೂ ಒಂದೊಂದೇ ಎಂಜಿನ್ ಕೆಮ್ಮಿ ಎದ್ದವು. ಎಲ್ಲ ಸೇರಿ ಜರುಗಿದ್ದು ಒಂದು ಲಾರಿಯುದ್ದ.

ನಾನು ಸ್ಟೇರಿಂಗ್ ಹಿಡಿದು ಕೂತೆ. ಹರ್‌ದೇವ್ ಮುಂಚಕ್ರದ ಪಕ್ಕದಲ್ಲಿ ನಡೆದ, ಎರಡೂ ಕೈಯಲ್ಲಿ ಒಂದು ಕಲ್ಲು ಹಿಡಿದು. ಲಾರಿ ನಿಂತ ಕೂಡಲೇ ಬಗ್ಗಿ ಚಕ್ರಕ್ಕೆ ಒಡ್ಡುತ್ತಿದ್ದ. ಲೈನು ಸರಿಯುವ ಕೂಗು ಬಂದಾಗ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದ, ನಾನು ತಲೆಯಾಡಿಸಿದ ಮೇಲೆ ತೆಗೆಯುತ್ತಿದ್ದ. ಇಲಿಯೆಸಾ ಒಮ್ಮೆ ಬಂದು, ಕೊಡೋ ನಾನು ಹಿಡೀತೀನಿ, ನೀನು ನೆರಳಲ್ಲಿ ಕೂರು ಅಂದ. ಹರ್‌ದೇವ್ ಕೊಡಲಿಲ್ಲ. ಮಿಲ್ಲಿನ ಗೇಟು ದಾಟುವವರೆಗೂ ಅವನು ಆ ಕಲ್ಲನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ.